ಮೀನಿನವರಿಗಲ್ಲದ ಬಸ್ಸು

ಮಂಗಳೂರಿಗೆ ಹೋಗಲು ದಾರಿಗೇನು ಬರ ಎಂದು ಆ ಕಾಲದಲ್ಲಿ ಎಲ್ಲರೂ ಹೇಳುತ್ತಿದ್ದರು. ದಕ್ಷಿಣದಿಂದ ರೈಲು, ಬಂದರಿಗೆ ಹಡಗು, ಬಜಪೆಯಲ್ಲಿ ವಿಮಾನ, ಕಡಲೊಂದನ್ನು ಬಿಟ್ಟರೆ ಉಳಿದ ಮೂರೂ ದಿಕ್ಕಿನಿಂದ ಬಸ್ಸು. ಆ ಮಾತು ಕೇಳಿದರೆ ನನಗೆ ಇಂದಿಗೂ ಮೈ ಉರಿಯುತ್ತದೆ.

ನಮ್ಮ ಮನೆ ಕೂಳೂರು ಹೊಳೆಯ ಆಚೆ, ಕಡಲ ಬದಿಯಲ್ಲಿತ್ತು. ಅಪ್ಪ ಬಲೆ ಎಳೆಯುತ್ತಿದ್ದರು, ಅಮ್ಮ ಮೀನನ್ನು ಪೇಟೆಯಲ್ಲಿ ಮಾರುತ್ತಿದ್ದರು. ಸೇತುವೆ ಆಗುವ ಮೊದಲು ಹೊಳೆ ದಾಟಲು ದೋಣಿಯೊಂದೇ ಇತ್ತು. ಅದರಲ್ಲಿ ವಕೀಲರೂ ಕೂರುತ್ತಿದ್ದರು, ಅಮ್ಮನ ಬುಟ್ಟಿಯೂ ಕೂರುತ್ತಿತ್ತು. ಸೇತುವೆ ಆದ ಮೇಲೆ ಬಸ್ಸು ಬಂತು, ದೋಣಿ ನಿಂತಿತು. ಬಸ್ಸಿನ ಕಂಡಕ್ಟರ್ ಮೀನಿನ ಬುಟ್ಟಿಯನ್ನು ಒಳಗೂ ಬಿಡಲಿಲ್ಲ, ಟಾಪಿಗೂ ಹಾಕಲಿಲ್ಲ. ಅಮ್ಮನೂ ನೆರೆಮನೆಯ ಹೆಂಗಸರೂ ಬುಟ್ಟಿ ಹೊತ್ತು ಪೇಟೆಯವರೆಗೆ ನಡೆಯತೊಡಗಿದರು. ಅದೇ ಕಂಡಕ್ಟರ್ ಸಂಜೆ ಬಸ್ಸು ನಿಲ್ಲಿಸಿ, ಮನೆಗೆಂದು ನಮ್ಮವರ ಬುಟ್ಟಿಯಿಂದಲೇ ಬಂಗುಡೆ ಮೀನು ಆರಿಸಿಕೊಂಡು ಹೋಗುವುದನ್ನು ನಾನೇ ಎಷ್ಟೋ ಸಲ ಕಂಡಿದ್ದೇನೆ.

ನಾನು ಐದನೇ ಕ್ಲಾಸಿನಲ್ಲಿದ್ದಾಗ, ಬಲೆಯಿಂದ ಮೀನು ಬಿಡಿಸುತ್ತಿರುವಾಗ ತೊರಕೆ ಮೀನಿನ ಮುಳ್ಳು ಕಾಲಿಗೆ ಹೊಕ್ಕಿತು. ಬಿಸಿನೀರು, ಸೊಪ್ಪು, ಎಣ್ಣೆ ಎಲ್ಲ ಆಯಿತು. ಊತ ಮೊಣಕಾಲಿಗೆ ಏರಿತು, ಜ್ವರ ಬಂತು. ಅಪ್ಪ ಕಡಲಿಗೆ ಹೋಗಿದ್ದರು. ಅಮ್ಮ ಮಿಂದು, ಒಗೆದ ಸೀರೆ ಉಟ್ಟು, ನನ್ನನ್ನು ಸೊಂಟದ ಮೇಲೆ ಹೊತ್ತು ರಸ್ತೆಗೆ ಬಂದರು. ಕೈಯಲ್ಲಿ ಬುಟ್ಟಿ ಇರಲಿಲ್ಲ.

ಬಸ್ಸು ನಿಂತಿತು. ಕಂಡಕ್ಟರ್ ಅಮ್ಮನ ಮುಖ ನೋಡಿದವನೇ ಬಾಗಿಲಿಗೆ ಕೈ ಅಡ್ಡ ಇಟ್ಟ.

“ಬುಟ್ಟಿ ಇಲ್ಲ ಮಾರಾಯರೇ, ಮಗುವನ್ನು ಆಸ್ಪತ್ರೆಗೆ ತಕೊಂಡು ಹೋಗ್ಲಿಕ್ಕೆ ಉಂಟು,” ಎಂದರು ಅಮ್ಮ.

“ಬುಟ್ಟಿ ಇಲ್ಲದಿದ್ರೆ ಎಂತ? ವಾಸನೆ ಉಂಟಲ್ಲ.”

ಒಳಗೆ ಖಾಲಿ ಸೀಟುಗಳಿದ್ದವು. ನನ್ನ ಶಾಲೆಯ ಮೇಷ್ಟ್ರೊಬ್ಬರು ಕಿಟಕಿಯ ಬಳಿ ಕೂತಿದ್ದರು. ನನ್ನನ್ನು ನೋಡಿದರು, ಆಮೇಲೆ ಮುಖ ತಿರುಗಿಸಿದರು. ಕಂಡಕ್ಟರನ ಮೇಲಿನ ಸಿಟ್ಟು ವರ್ಷಗಳಲ್ಲಿ ಸ್ವಲ್ಪ ಇಳಿದಿದೆ, ಮೇಷ್ಟ್ರ ಮೇಲಿನದು ಇಳಿದಿಲ್ಲ. ಒಂದು ಮಾತು ಆಡಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಬಸ್ಸು ಹೊರಟಿತು. ಅಮ್ಮ ನೇರವಾಗಿ ಹಳೆಯ ದೋಣಿಯವರ ಮನೆಗೆ ನಡೆದರು. ಆ ಮುದುಕ ಬ್ಯಾರಿಯವರು ನನ್ನ ಕಾಲು ನೋಡಿದವರೇ ಎದ್ದರು. ದಡದಲ್ಲಿ ಮಗುಚಿ ಹಾಕಿದ್ದ ದೋಣಿಯನ್ನು ನೀರಿಗೆ ಎಳೆದು, ಹೊಳೆಯ ಹರಿವಿನಗುಂಟ ಬಂದರಿನ ಧಕ್ಕೆಯವರೆಗೆ ಹುಟ್ಟು ಹಾಕಿದರು. ದಾರಿಯುದ್ದಕ್ಕೂ ಅಮ್ಮ ನೀರಿನಿಂದ ನನ್ನ ಹಣೆ ಒರೆಸುತ್ತಲೇ ಇದ್ದರು. ಧಕ್ಕೆಯಿಂದ ಹಂಚು ಹೇರಿದ ಎತ್ತಿನ ಗಾಡಿಯೊಂದು ನಮ್ಮನ್ನು ಆಸ್ಪತ್ರೆಗೆ ತಲುಪಿಸಿತು.

ಡಾಕ್ಟರು ಬೇಗ ತರಬೇಕಿತ್ತೆಂದು ಅಮ್ಮನನ್ನೇ ಗದರಿದರು. ನನ್ನ ಎಡಗಾಲಿನ ಎರಡು ಬೆರಳು ಹೋದವು. ಅಮ್ಮ ಆ ಗದರಿಕೆಗೆ ತಲೆ ತಗ್ಗಿಸಿ ನಿಂತದ್ದು ಬೆರಳಿಗಿಂತ ಹೆಚ್ಚು ನೋಯುತ್ತದೆ.

ನಾನು ಮನೆಗೆ ಬಂದ ವಾರವೇ ಅಮ್ಮ ಊರಿನ ಹೆಂಗಸರನ್ನೆಲ್ಲ ಕರೆದುಕೊಂಡು ಸೇತುವೆಗೆ ಹೋದರು. ರಸ್ತೆಗೆ ಅಡ್ಡ ಬುಟ್ಟಿಗಳನ್ನು ಸಾಲಾಗಿ ಇಟ್ಟು ಹಿಂದೆ ಕೂತರು. ಬಸ್ಸಿನ ಹಿಂದೆ ಬಸ್ಸು, ಲಾರಿ, ಕಾರು ನಿಂತವು. ಬಿಸಿಲೇರಿದಂತೆ ಬುಟ್ಟಿಯೊಳಗಿನ ಬೂತಾಯಿ ಮೀನು ನಾರತೊಡಗಿತು. ಕಡೆಗೆ ಬಸ್ಸಿನ ಧಣಿಗಳು ಬಂದು, ಬುಟ್ಟಿ ಟಾಪಿಗೆ ಹಾಕಬಹುದು, ಹೆಂಗಸರು ಹಿಂದಿನ ಸೀಟಿನಲ್ಲಿ ಕೂರಬಹುದು ಎಂದರು. ದೊಡ್ಡ ಉಪಕಾರ ಮಾಡಿದ ಮುಖ ಅವರದ್ದು.

“ಹಿಂದಿನ ಸೀಟು ಯಾಕೆ?” ಎಂದು ಅಮ್ಮ ಕೇಳಿದರು. “ನಮ್ಮ ಟಿಕೆಟು ಬೇರೆಯಾ?”

ಉಳಿದ ಹೆಂಗಸರು ಇಷ್ಟಾದರೂ ಸಿಕ್ಕಿತಲ್ಲ ಎಂದು ಬುಟ್ಟಿ ಎತ್ತಿದರು. ದಿನಾ ಬುಟ್ಟಿ ಹೊತ್ತು ನಡೆದು ಅವರ ಕುತ್ತಿಗೆ ಸೋತಿತ್ತು, ಅವರನ್ನು ದೂರಲಾರೆ. ಮರುದಿನ ಬೆಳಿಗ್ಗೆ ಅಮ್ಮ ಬುಟ್ಟಿಯನ್ನು ಟಾಪಿಗೆ ಕೊಟ್ಟು, ಎಲ್ಲಕ್ಕಿಂತ ಮುಂದೆ, ಡ್ರೈವರನ ಬೆನ್ನಿಗಿರುವ ಸೀಟಿನಲ್ಲಿ ಹೋಗಿ ಕೂತರು. ಕಂಡಕ್ಟರ್ ಎರಡು ಸಲ ಹಿಂದೆ ಹೋಗಲು ಹೇಳಿದ. ಅಮ್ಮ ಟಿಕೆಟನ್ನು ಮುಷ್ಟಿಯಲ್ಲಿ ಹಿಡಿದು ಪೇಟೆ ಬರುವವರೆಗೂ ರಸ್ತೆಯನ್ನೇ ನೋಡುತ್ತಿದ್ದರು. ಪಕ್ಕದ ಸೀಟಿನಲ್ಲಿ ಯಾರೂ ಕೂರಲಿಲ್ಲ.