ಮುಲ್ಲಾ ಟೀಚರ್ ಕಲಿಸಿದ ಕತ್ತರಿ ಪಾಠ

ಮುಲ್ಲಾ ಟೀಚರ್ ಸೀಮೆಸುಣ್ಣ ಮರೆತು ಬಂದದ್ದುಂಟು, ಕತ್ತರಿ ಮರೆತದ್ದಿಲ್ಲ. ಖಾಸಬಾಗದಿಂದ ದಿನಾ ಬಸ್ಸು ಹಿಡಿದು ಖಾನಾಪುರದ ನಮ್ಮ ಹೈಸ್ಕೂಲಿಗೆ ಜೀವಶಾಸ್ತ್ರ ಕಲಿಸಲು ಬರುತ್ತಿದ್ದರು. ಹಳೆಯ ಪೇಪರು ಕತ್ತರಿಸಿ, ಗಂಜಿ ಹಚ್ಚಿ ಅಂಟಿಸಿ ಪಾಠ ಮಾಡುವವರು. ನಾವು ಕಿಸಕ್ಕೆಂದರೆ ಕನ್ನಡ, ಮರಾಠಿ, ಉರ್ದು ಮೂರನ್ನೂ ಒಂದೇ ಉಸಿರಿನಲ್ಲಿ ಕಲಸಿ ಬೈಯುತ್ತಿದ್ದರು. ಆ ಬೈಗುಳ ಕೇಳಲು ಈಗಲೂ ಜೀವ ಹಂಬಲಿಸುತ್ತದೆ.

ಮದುವೆಯಾಗಿ ನಾನು ಖಾಸಬಾಗದ ಪಕ್ಕದ ವಡಗಾವಿಗೆ ಬಂದೆ. ಮಗಳು ಗೌರಿಗೆ ನಾಲ್ಕು ತುಂಬಿದರೂ ಮಾತು ಬರಲಿಲ್ಲ. ಮೇಲಿಂದ ಮೇಲೆ ಫಿಟ್ಸ್. ಜೀನ್ ನೋಡಲು ಮಾಡಿಸಿದ ರಕ್ತಪರೀಕ್ಷೆಯ ರಿಪೋರ್ಟ್ ಹಿಡಿದು, ಅಷ್ಟರಲ್ಲಿ ನಿವೃತ್ತರಾಗಿದ್ದ ಟೀಚರ್ ಮನೆಗೆ ಓಡಿದೆ. ಅವರು ಓದಿ ನೋಡಿ, ಎಂದಿನಂತೆ ಪೇಪರು, ಕತ್ತರಿ ತೆಗೆದರು.

"ನೋಡ್ ಬೇಟಿ, ಜೀನ್ ಅಂದ್ರ ಮೂಲ ಬರಹ. ಅದರ ನಕಲು ಆರ್‌ಎನ್‌ಎ. ನಕಲಿನ್ಯಾಗ ಬ್ಯಾಡಾದ್ದು ಕತ್ತರಿಸಿ, ಬೇಕಾದ್ದು ಜೋಡಸ್ತೈತಿ ನಮ್ಮ ಮೈ. ಗೌರಿದು ಒಂದ ಅಕ್ಷರ ತಪ್ಪೈತಿ, ಕತ್ತರಿ ಬ್ಯಾರೇ ಜಾಗಾದಾಗ ಬೀಳಾಕತ್ತೈತಿ. ಮೆದುಳಿಗೆ ಬೇಕಾದ ಪ್ರೋಟೀನ್ ಸಾಲವಲ್ದು. ಆ ತಪ್ಪು ಜಾಗಾ ಮುಚ್ಚೂ ಔಷಧ ಮಾಡಬಹುದು ಅಂತಾರ."

ಔಷಧ ಎಂದದ್ದಷ್ಟೇ ನನ್ನ ಕಿವಿಗೆ ಬಿತ್ತು. ಮರುದಿನ ಸಿಹಿ ಕುಂದಾ ತಂದು ಓಣಿಗೆಲ್ಲ ಹಂಚಿ, ಟೀಚರಿಗೂ ಡಬ್ಬಿ ಒಯ್ದೆ. ಅವರು ಮುಟ್ಟಲಿಲ್ಲ.

"ಅರೆ, ಯಾಕ ಹಂಚಿದಿ? ಅದು ಇನ್ನೂ ಲ್ಯಾಬಿನ್ಯಾಗ ಐತಿ. ಗೌರಿ ಜೀನಿನ ತಪ್ಪಿಗೆ ಬ್ಯಾರೇ ಔಷಧಾನ ಮಾಡಬೇಕಾಗತೈತಿ. ನಾನ ಸರಿಯಾಗಿ ಹೇಳಲಿಲ್ಲ" ಎಂದು ಅತ್ತೇಬಿಟ್ಟರು. ಕ್ಲಾಸಿನಲ್ಲಿ ನಮ್ಮನ್ನೆಲ್ಲ ಅಳಿಸಿದವರು ಅಳುವುದನ್ನು ಕಂಡು ನನಗೆ ಗಾಬರಿಯಾಯಿತು.

ಅಂದಿನಿಂದ ಹಠ ಹಿಡಿದರು. ಒಂದೇ ಬೆರಳಿನಲ್ಲಿ ಟೈಪ್ ಮಾಡುತ್ತ ಕಂಡ ಕಂಡ ಸಂಶೋಧಕರಿಗೆಲ್ಲ ಇ-ಮೇಲ್ ಕಳಿಸಿದರು. ಕಡೆಗೊಬ್ಬರು ಉತ್ತರ ಬರೆದರು. ಗೌರಿಯ ಚರ್ಮದ ಚೂರು ಕೊಟ್ಟರೆ ಅದರ ಕೋಶಗಳ ಮೇಲೆ ಔಷಧ ಪರೀಕ್ಷಿಸಿ ನೋಡುತ್ತೇವೆ, ಆದರೆ ಅದು ಗೌರಿಯ ಕಾಲಕ್ಕೆ ಒದಗೀತೆಂದು ಮಾತು ಕೊಡಲಾರೆವು, ಎಂದು. ನಾನು ಒಪ್ಪಲಿಲ್ಲ.

ಕೊನೆಯ ಸಲ ಹೋದಾಗ ಟೀಚರ್ ಹಾಸಿಗೆ ಹಿಡಿದಿದ್ದರು. ಆಗಲೂ ಚರ್ಮದ ಚೂರು ಕೊಡುವ ಮಾತೇ ತೆಗೆದರು.

"ನೋವು ನನ್ನ ಮಗಳಿಗೆ, ಔಷಧ ಮತ್ಯಾರದೋ ಕೂಸಿಗೇನ್ರಿ ಟೀಚರ್?" ಎಂದೆ.

"ಹಂಗ ಆಗಬಹುದು" ಎಂದರು. ಸುಳ್ಳು ಹೇಳಿ ಸಮಾಧಾನ ಮಾಡುವ ಜಾಯಮಾನ ಅವರದಲ್ಲ. "ನಿನಗ ಸಿಟ್ಟು ಬರತೈತಿ. ಬರಲಿ. ಸಿಟ್ಟು ಇಟಗೊಂಡನ ಕೊಡು."

ನಾನು ಎದ್ದು ಬಂದೆ. ಎರಡು ವಾರಕ್ಕೆ ಅವರು ತೀರಿಕೊಂಡರು. ಅವರ ಆ ಮಾತು ಮಾತ್ರ ನನ್ನನ್ನು ಬಿಡಲಿಲ್ಲ.

ಹೋದ ತಿಂಗಳು ಆಸ್ಪತ್ರೆಯಲ್ಲಿ ಗೌರಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು, ಚರ್ಮದ ಚೂರು ತೆಗೆಯಲು ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿದೆ. ಸಿಟ್ಟು ಹಾಗೇ ಇತ್ತು.

"ಸಾಕ್ಷಿ ಸಹಿಗೆ ಯಾರ್ನ ಕರೀತೀರ್ರಿ?" ಎಂದು ನರ್ಸ್ ಕೇಳಿದಳು.

ಬಾಯಿಗೆ ಬಂದದ್ದು ಒಂದೇ ಹೆಸರು. ಅದನ್ನು ನುಂಗಿಕೊಂಡು ಗಂಡನಿಗೆ ಫೋನ್ ಮಾಡಿದೆ.