ಸೊಸೆಯ ಕರಿ ಬೂಟು

ಯಾರು ಹೇಳಿದ್ದನ್ನೂ ಪರೀಕ್ಷಿಸದೆ ಒಪ್ಪಬಾರದೆಂಬುದು, ಶಾಲೆಯ ಮೆಟ್ಟಿಲು ಹತ್ತದೆ ಓದಲು ಕಲಿತ ನನ್ನ ಹಟ. ನನ್ನ ಮಾತನ್ನೂ ಹಾಗೆಯೇ ಪರೀಕ್ಷಿಸಬೇಕೆಂದು ಮಾತ್ರ ನನಗೆ ತೋಚಿರಲಿಲ್ಲ.

ಮಗನ ಕೆಲಸ ಹೋಗಿತ್ತು. ಅಷ್ಟರಲ್ಲಿ ಸೊಸೆಗೆ ದಾದರಿನ ಆಫೀಸೊಂದರಿಂದ ಸಂದರ್ಶನದ ಕರೆ ಬಂತು. ಬಂದವರನ್ನು ಎದುರುಗೊಂಡು ಒಳಗೆ ಕರೆದೊಯ್ಯುವ ಕೆಲಸ. ಘಾಟ್ಕೋಪರಿನ ಅಂಗಡಿಯೊಂದರಲ್ಲಿ ಕರಿ ಬೂಟನ್ನು ನಾನೇ ಆರಿಸಿ ತಂದೆ. ಅದು ಅವಳ ಹಿಮ್ಮಡಿ ಕಚ್ಚಿತು. ಕೊಬ್ಬರಿ ಎಣ್ಣೆ ಸವರಿ, ಒದ್ದೆ ಪೇಪರು ತುರುಕಿ ಎರಡು ದಿನ ಇಟ್ಟರೂ ಸಡಿಲವಾಗಲಿಲ್ಲ.

ಸ್ಟೇಷನ್ನಿನ ಹೊರಗೆ ಬೂಟು ಹೊಲಿಯಲು ಕೂರುವವನು ನಮ್ಮ ವಿಜಯಪುರದ ಕಡೆಯವನೇ. ಬೂಟನ್ನು ಅವನಿಗೆ ತೋರಿಸಿದೆ. ಮಡಿಸಿ ನೋಡಿ ನಕ್ಕ.

"ಯಜಮಾನ್ರ, ಇದು ಚರ್ಮ ಅಲ್ರಿ, ರೆಕ್ಸಿನ್. ಎಣ್ಣಿ ಕುಡಿಯಂಗಿಲ್ಲ. ಹಿಮ್ಮಡಿಗೆ ಮೆತ್ತನ್ ಪ್ಯಾಡ್ ಹಚ್ಚಿ ಕೊಡ್ತೀನಿ, ಸಂಜಿಗೆ ಬರ್ರಿ."

ಗಿರಾಕಿ ಹಿಡಿಯುವ ಮಾತೆಂದು ಬಗೆದೆ. "ಚರ್ಮ ಯಾವುದಂತ ನನಗ ಕಲಿಸ್ತೀಯೇನೋ?" ಎಂದು ಬೂಟು ಕಸಿದುಕೊಂಡು ಬಂದೆ.

ಸಂದರ್ಶನದ ಬೆಳಿಗ್ಗೆ ಸೊಸೆ ಬೂಟನ್ನು ಚೀಲಕ್ಕೆ ಹಾಕುತ್ತಿದ್ದಳು.

"ಮಾವಾರ, ಲೋಕಲ್ ರೈಲಿನ್ಯಾಗ ಚಪ್ಪಲ್ ಹಾಕ್ಕೊಂಡ್ ಹೋಗ್ತೀನ್ರಿ. ಇಲ್ಲಿ ಎಲ್ಲಾರೂ ಹಂಗs ಮಾಡ್ತಾರ, ಆಫೀಸ್ ಬಾಗಲ್ದಾಗ ಬದಲ್ಸೋದು."

"ಎಲ್ಲಾರೂ ಮಾಡ್ತಾರಂದ್ರ ಅದು ಖರೇ ಏನವ್ವಾ? ಹಾಕ್ಕೊಂಡ್ ನಡದ್ರs ಸಡ್ಲಾಗ್ತದ."

ಅವಳು ಬೂಟು ಹಾಕಿಕೊಂಡೇ ಹೋದಳು.

ಕೆಲಸ ಸಿಗಲಿಲ್ಲ. "ನನಗ ಇಂಗ್ಲಿಷ್ ಸರಿ ಬರಲಿಲ್ರಿ" ಎಂದಳು, ನಾನು ನಂಬಿದೆ. ಮರುದಿನ ತಂತಿಯ ಮೇಲೆ ಒಣಗುತ್ತಿದ್ದ ಅವಳ ಕಾಲುಚೀಲದ ಹಿಮ್ಮಡಿಯಲ್ಲಿ, ಒಗೆದರೂ ಹೋಗದ ಕಂದು ಕಲೆ ಕಂಡಿತು. ಒತ್ತಾಯಿಸಿ ಕೇಳಿದಾಗ ತಲೆ ತಗ್ಗಿಸಿ ಹೇಳಿದಳು: "ಬಾಗಲ್‌ತನಕ ನಡದು ತೋರ್ಸಂದ್ರು. ಕುಂಟಿದ್ನಿರಿ."

ಬೂಟಿನ ಅಂಚನ್ನು ಬ್ಲೇಡಿನಿಂದ ಕೆರೆದು ನೋಡಿದೆ. ಕರಿ ಪೊರೆಯ ಕೆಳಗೆ ಬಟ್ಟೆಯ ನೂಲು ಕಂಡಿತು. ಅದನ್ನು ಹಿಡಿದುಕೊಂಡು ಮತ್ತೆ ಆ ಹೊಲಿಯುವವನ ಮುಂದೆ ನಿಂತೆ. ಅವನು ನನ್ನನ್ನು ಹಂಗಿಸಿದ್ದರೆ ಹಗುರವಾಗುತ್ತಿತ್ತು. ಅವನು ಪ್ಯಾಡು ಅಂಟಿಸಿ, ಒಳಗೆ ಬೆರಳಾಡಿಸಿ ನೋಡಿ ಕೊಟ್ಟ.

ಈಗ ಅವಳಿಗೆ ಜೋಗೇಶ್ವರಿಯಲ್ಲಿ ಇನ್ನೊಂದು ಸಂದರ್ಶನವಿದೆ. ಬೂಟು ಚೀಲದಲ್ಲಿದೆ, ಕಾಲಲ್ಲಿ ಚಪ್ಪಲಿ. ಹೊಸ್ತಿಲಲ್ಲಿ ನಿಂತು ಅವಳು ಕೇಳುತ್ತಾಳೆ:

"ಮಾವಾರ, ಹಿಂಗs ಹೋಗ್ಲೇನ್ರಿ?"

ಇನ್ನೂ ನನ್ನನ್ನೇ ಕೇಳುತ್ತಾಳೆ. "ಹೋಗಿ ಬಾರವ್ವಾ" ಎನ್ನುತ್ತೇನೆ. ಅವಳ ಮುಖ ನೋಡಲಾಗುವುದಿಲ್ಲ.