ಬಿಸಿಲಿಗೆ ಹಾಕಿದ ನಿಂಬೆ ಬಿಸ್ಕತ್ತು

ಮಗಳು ಓವನ್ನಿನಿಂದ ತೆಗೆದ ನಿಂಬೆ ಬಿಸ್ಕತ್ತನ್ನು ಒತ್ತಿ ನೋಡಿ, "ಇನ್ನೂ ಮೆತ್ತಗಿದೆಯಲ್ಲೇ" ಅಂದೆ.

"ಅದು ಮೆತ್ತಗೇ ಇರ್ಬೇಕಮ್ಮಾ" ಎಂದಳು. ನನ್ನ ಮುಖ ಬಿಸಿಯಾಯಿತು.

ನಾನು ಚಿಕ್ಕವಳಿದ್ದಾಗ ತಿಪಟೂರಿನಲ್ಲಿ ನಮ್ಮ ಪಕ್ಕದ್ದು ಟೈಲರ್ ಮನೆ. ಆ ಮನೆಯ ಶಾಹಿದಾ ಆಂಟಿ ಹಬ್ಬಕ್ಕೆ ಬಿಸ್ಕತ್ತು ಮಾಡುತ್ತಿದ್ದರು. ಹಿಟ್ಟಿಗೆ ನಿಂಬೆ ಸಿಪ್ಪೆ ತುರಿದು ಹಾಕಿ, ಪಾತ್ರೆಯ ಕೆಳಗೂ ಮುಚ್ಚಳದ ಮೇಲೂ ಕರಟದ ಕೆಂಡ ಹರಡಿ, ಪಕ್ಕದಲ್ಲೇ ಕೂತು ಕಾಯುತ್ತಿದ್ದರು.

ಮೊದಲ ಸಲ ತಟ್ಟೆ ತುಂಬ ಕಳಿಸಿದಾಗ ನಮ್ಮಜ್ಜಿ ಒಂದನ್ನು ಒತ್ತಿ ನೋಡಿದಳು. ಕೊಬ್ಬರಿಯಾಗಲಿ ಹಪ್ಪಳವಾಗಲಿ, ಮೆತ್ತಗಿದ್ದದ್ದು ಅವಳ ಪ್ರಕಾರ ಬೂಷ್ಟು ಹಿಡಿಯುವ ಮಾಲು. ಎಲ್ಲವನ್ನೂ ತಾರಸಿಗೆ ಒಯ್ದು ಕೊಬ್ಬರಿಯ ಪಕ್ಕ ಹರವಿದಳು. ಸಂಜೆ ಆಂಟಿ ಒಣಗಿದ ಬಟ್ಟೆ ತೆಗೆಯಲು ತಮ್ಮ ತಾರಸಿಗೆ ಬಂದಾಗ, ಅಜ್ಜಿಯೂ ನಾನೂ ಕೊಬ್ಬರಿ ಎತ್ತಲು ಆಗಷ್ಟೇ ನಮ್ಮ ತಾರಸಿ ಹತ್ತಿದ್ದೆವು; ಕಾಗೆಗಳು ಬಿಸ್ಕತ್ತು ಕುಕ್ಕುತ್ತಿದ್ದವು.

"ಚೆನ್ನಾಗಿರ್ಲಿಲ್ವಾ ಅಜ್ಜಿ?" ಎಂದರು.

"ಮೆತ್ತಗಾಗೋಗಿದ್ವು ಕಣಮ್ಮ. ಒಂದ್ ಬಿಸ್ಲು ಕಾಣ್ಲಿ ಅಂತ ಹಾಕ್ದೆ" ಎಂದಳು ಅಜ್ಜಿ.

ಆಂಟಿ ಬಟ್ಟೆ ಎತ್ತಿಕೊಂಡು ಇಳಿದರು. ಹಿಂದೆಯೇ ನಿಂತಿದ್ದ ಅವರ ಮಗಳು ನನಗೆ ಮೆಲ್ಲಗೆ ಹೇಳಿದಳು: "ಮೆತ್ತಗೆ ಬರ್ಲಿ ಅಂತಾನೇ ಅಮ್ಮಿ ಅಷ್ಟೊತ್ತು ಕೂತಿದ್ದು ಕಣೇ."

ಅಜ್ಜಿಗೂ ಅದು ಕೇಳಿಸಿತು. ಕಾಗೆ ಓಡಿಸಲು ಎತ್ತಿದ ಕೈ ಹಾಗೇ ನಿಂತಿತು.

ಮುಂದಿನ ಹಬ್ಬಕ್ಕೂ ತಟ್ಟೆ ಬಂತು. ನಮಗೆಂದೇ ಬೇರೆಯಾಗಿ ಸುಟ್ಟ, ಕಲ್ಲಿನಂಥ ಬಿಸ್ಕತ್ತು. ಹಲ್ಲಿಲ್ಲದ ಅಜ್ಜಿ ಒಂದೊಂದನ್ನೇ ಕಾಫಿಯಲ್ಲಿ ನೆನೆಸಿ, ತಲೆಯೆತ್ತದೆ ತಿಂದು ಮುಗಿಸಿದಳು.

ಈಗ ನನ್ನ ಮಗಳು ತಟ್ಟೆ ಚಾಚಿದ್ದಾಳೆ. ಒಂದು ಬಾಯಿಗಿಟ್ಟೆ. ಇದಕ್ಕೆ ಹಲ್ಲೇ ಬೇಡ.